ಬಿಸಿನೀರಿನ ಅಪಸ್ಮಾರ: ಒಂದು ಸಂಶೋಧನಾ ಪರಂಪರೆಯ ಪರಾಮರ್ಶೆ

ನರರೋಗಶಾಸ್ತ್ರದ ಸಂಶೋಧನೆಯೊಂದನ್ನು ಇತಿಹಾಸದ ಅಧ್ಯಾಪಕರು ವಿಮರ್ಶಿಸಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಮಿದುಳಿನ ರಚನೆ, ಅದರ ವಿದ್ಯುದ್ವ್ಯಾಪಾರ, ಔಷಧಗಳ ಗುಣದೋಷ ಇವುಗಳ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ರೋಗಿಯ ಮಾತನ್ನು ಕೇಳಿ ಬರೆದುಕೊಳ್ಳುವುದು, ಮನೆಯವರು ಕಂಡದ್ದನ್ನು ಅದರೊಡನೆ ಹೋಲಿಸುವುದು, ಆಸ್ಪತ್ರೆಯ ದಾಖಲೆಗಳಿಂದ ಒಂದು ನಾಡಿನ ಸ್ಥಿತಿಯನ್ನು ಊಹಿಸುವುದು ಇವು ವೈದ್ಯನಿಗೂ ಚರಿತ್ರಕಾರನಿಗೂ ಸಮಾನವಾದ ಕೆಲಸಗಳು. ಸಾಕ್ಷ್ಯವನ್ನು ತೂಗಿ ನೋಡುವ ಈ ಭಾಗದಲ್ಲಿ ನಾವು ಮಾತನಾಡಬಹುದೆಂದು ಭಾವಿಸುತ್ತೇವೆ. ಬೆಂಗಳೂರಿನ ನರರೋಗತಜ್ಞರು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿರುವ ಬಿಸಿನೀರಿನ ಅಪಸ್ಮಾರದ ಅಧ್ಯಯನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ರೋಗದ ಸ್ವರೂಪವನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಕೆಲವರಿಗೆ, ಹೆಚ್ಚಾಗಿ ಮಕ್ಕಳಿಗೂ ತರುಣರಿಗೂ, ತಲೆಯ ಮೇಲೆ ಬಿಸಿನೀರನ್ನು ಹೊಯ್ದುಕೊಂಡಾಗ ಅಪಸ್ಮಾರದ ಸೆಳವು ಬರುತ್ತದೆ. ದೃಷ್ಟಿ ನೆಟ್ಟು ನಿಲ್ಲುತ್ತದೆ, ಮಾತು ತಡವರಿಸುತ್ತದೆ, ಸುತ್ತಲಿನ ಅರಿವು ಮಂಕಾಗುತ್ತದೆ. ಕೆಲವರಲ್ಲಿ ಮೈಯೆಲ್ಲ ಸೆಟೆದು ಪೂರ್ಣ ಮೂರ್ಛೆಯೇ ಆಗುತ್ತದೆ. ಮೈಗೆ ಮಾತ್ರ ಬಿಸಿನೀರು ಹೊಯ್ದುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇಂಥ ಒಬ್ಬ ಬಾಲಕನ ವೃತ್ತಾಂತವನ್ನು ನ್ಯೂಜಿಲೆಂಡಿನಲ್ಲಿ ಆಲನ್ ಎಂಬ ವೈದ್ಯರು 1945ರಲ್ಲಿ ಪ್ರಕಟಿಸಿದ್ದರು. ಜಪಾನಿನಿಂದಲೂ ತುರ್ಕಿಯಿಂದಲೂ ಮುಂದೆ ವರದಿಗಳು ಬಂದುವು. ಆದರೆ ನೂರಾರು ರೋಗಿಗಳನ್ನು ಕಂಡು, ಇದನ್ನು ವಿರಳವಾದ ಒಂದು ವಿಚಿತ್ರವೆಂದು ಬಿಡದೆ, ಒಂದು ಪ್ರದೇಶದ ವ್ಯಾಧಿಯೆಂದು ಗುರುತಿಸಿದ್ದು ಬೆಂಗಳೂರಿನಲ್ಲಿ. ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ 1968ರಲ್ಲಿ ಪ್ರಾಥಮಿಕ ವರದಿಯನ್ನು ಕೊಟ್ಟರು; 1974ರ ಹೊತ್ತಿಗೆ ಅವರು ವರ್ಣಿಸಿದ ರೋಗಿಗಳ ಸಂಖ್ಯೆ 108ಕ್ಕೆ ಏರಿತ್ತು. ಅನಂತರ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ನಿಮ್ಹಾನ್ಸಿನಲ್ಲಿ, ಪಿ. ಸತೀಶ್‌ಚಂದ್ರ ಅವರು ಈ ಕೆಲಸವನ್ನು ಕೈಗೆತ್ತಿಕೊಂಡರು. 279 ಮಂದಿ ರೋಗಿಗಳನ್ನು ಕುರಿತು ಅವರೂ ಅವರ ಸಂಗಡಿಗರೂ 1988ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದ ಆಕರಗ್ರಂಥವೆಂಬಷ್ಟು ಮನ್ನಣೆಯನ್ನು ಪಡೆದಿದೆ.

ಮಿದುಳನ್ನು ಪ್ರಚೋದಿಸಿ ನೋಡುವ ಶಾಸ್ತ್ರದ ಚರಿತ್ರೆಯಲ್ಲಿ ಈ ಸಂಶೋಧನೆಗೆ ಒಂದು ವಿಶಿಷ್ಟ ಸ್ಥಾನವಿದೆ. ಆ ಚರಿತ್ರೆಯನ್ನು ಸಾಮಾನ್ಯವಾಗಿ ವಿದ್ಯುತ್ತಿನ ಕಥೆಯಾಗಿ ಹೇಳುವುದುಂಟು. ಫ್ರಿಚ್ ಮತ್ತು ಹಿಟ್ಸಿಗ್ ಎಂಬ ಜರ್ಮನ್ ವೈದ್ಯರು 1870ರಲ್ಲಿ ನಾಯಿಯ ಮಿದುಳಿನ ಹೊರಪದರಕ್ಕೆ ವಿದ್ಯುತ್ತನ್ನು ಹಾಯಿಸಿ ಅದರ ಕಾಲುಗಳು ಚಲಿಸುವುದನ್ನು ಕಂಡರು. ಇಪ್ಪತ್ತನೆಯ ಶತಮಾನದ ನಡುವೆ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಅಪಸ್ಮಾರದ ರೋಗಿಗಳ ತಲೆಬುರುಡೆಯನ್ನು ತೆರೆದು, ಅವರು ಎಚ್ಚರವಾಗಿರುವಾಗಲೇ ಮಿದುಳಿನ ಒಂದೊಂದು ಸ್ಥಾನವನ್ನು ವಿದ್ಯುದಗ್ರದಿಂದ ಮುಟ್ಟಿ, ಅವರಿಗೇನು ಅನಿಸಿತೆಂದು ಕೇಳಿದರು. ಕೆಲವರು ಹಳೆಯ ಹಾಡೊಂದು ಕೇಳಿಸಿತೆಂದರು, ಪರಿಚಿತರ ದನಿ ಕೇಳಿಸಿತೆಂದರು. ಮನುಷ್ಯನು ಗಮನವಿಟ್ಟು ಅನುಭವಿಸಿದ್ದೆಲ್ಲದರ ಶಾಶ್ವತ ದಾಖಲೆ ಮಿದುಳಿನಲ್ಲಿದೆಯೆಂದು ಪೆನ್‌ಫೀಲ್ಡ್ ಇದರಿಂದ ಊಹಿಸಿದರು.

ಪತ್ರಾಗಾರದಲ್ಲಿ ಕಾಲ ಕಳೆಯುವವರಿಗೆ ಈ ಊಹೆ ಬಹಳ ಆಪ್ಯಾಯಮಾನವಾದುದು. ಆದರೆ ಇದನ್ನು ನಾವು ಒಪ್ಪಲಾರೆವು. ಪೆನ್‌ಫೀಲ್ಡ್ ಮತ್ತು ಪೆರೋ 1963ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಿವಿಯ ಬದಿಯಲ್ಲಿರುವ ಟೆಂಪೊರಲ್ ಲೋಬನ್ನು ಪ್ರಚೋದಿಸಿದ 520 ರೋಗಿಗಳಲ್ಲಿ ಇಂಥ ಅನುಭವವನ್ನು ಹೇಳಿದವರು 40 ಮಂದಿ ಮಾತ್ರ. ಅವರು ಹೇಳಿದ್ದು ನಿಜವಾಗಿ ನಡೆದಿತ್ತೇ, ಕನಸಿನಂತೆ ಆಗತಾನೇ ಕಟ್ಟಿಕೊಂಡದ್ದೇ ಎಂಬುದನ್ನು ಬೇರೆ ಆಧಾರದಿಂದ ಪರೀಕ್ಷಿಸಿದ್ದು ತೀರ ಕಡಿಮೆ. ಬೇರೆ ಆಧಾರದ ಬೆಂಬಲವಿಲ್ಲದ ಏಕಸಾಕ್ಷಿಯಿಂದ ಒಂದು ರಾಜವಂಶದ ಕಾಲವನ್ನು ನಿರ್ಣಯಿಸಲು ನಾವು ಹಿಂದೆಗೆಯುವಾಗ, ಸ್ಮೃತಿಯ ಸ್ವರೂಪವನ್ನೇ ನಿರ್ಣಯಿಸುವುದು ಹೇಗೆ? ಪ್ರಚೋದನೆಯ ಪ್ರಯೋಗದಲ್ಲಿ ವಿದ್ಯುದಗ್ರವು ಉತ್ತರವನ್ನು ಹೊರಡಿಸುತ್ತದೆ. ಆ ಉತ್ತರದ ಅರ್ಥವನ್ನು ತಿಳಿಸುವವನು ರೋಗಿ. ಅವನ ಮಾತನ್ನು ಹೇಗೆ ಪಡೆದರು, ಹೇಗೆ ಪರೀಕ್ಷಿಸಿದರು ಎಂಬುದರ ಮೇಲೆ ಇಡೀ ಕಟ್ಟಡ ನಿಂತಿರುತ್ತದೆ.

ಬೆಂಗಳೂರಿನ ಸಂಶೋಧನೆಯಲ್ಲಿ ಪ್ರಚೋದನೆಯ ಸಾಧನ ವಿದ್ಯುದಗ್ರವಲ್ಲ, ಚೆಂಬು. ಶಸ್ತ್ರಶಾಲೆಯ ಜಾಗದಲ್ಲಿ ಬಚ್ಚಲುಮನೆಯಿದೆ. ರೋಗಿಗೆ ಆ ಗಳಿಗೆಯ ಅರಿವು ಮಸುಕಾಗಿರುವುದರಿಂದ ಸಾಕ್ಷಿ ನುಡಿಯಬೇಕಾದವರು ನೀರು ಹೊಯ್ಯುತ್ತಿದ್ದ ತಾಯಿಯೋ ಅಜ್ಜಿಯೋ ಹೆಂಡತಿಯೋ ಆಗಿರುತ್ತಾರೆ. ‘ತಲೆಗೆ ನೀರು ಹೊಯ್ದಾಗ ಮಾತ್ರ ಹೀಗಾಗುತ್ತದೆ’ ಎಂದು ಯಾರಾದರೂ ಬಂದು ಹೇಳಿದರೆ ಅದನ್ನು ಹೆದರಿಕೆಯೆಂದೋ ಗ್ರಹಚಾರದ ಮಾತೆಂದೋ ತಳ್ಳಿಹಾಕುವುದು ಸುಲಭವಾಗಿತ್ತು. ಪಾಶ್ಚಾತ್ಯ ಪಠ್ಯಗ್ರಂಥಗಳಲ್ಲಿ ಈ ರೋಗಕ್ಕೆ ಒಂದು ಸಾಲಿನ ಜಾಗವೂ ದುರ್ಲಭವಾಗಿದ್ದ ಕಾಲದಲ್ಲಿ ಮಣಿಯವರು ಈ ಮಾತನ್ನು ನಂಬಿದರು. ನಂಬಿ ಸುಮ್ಮನಾಗದೆ, ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಡನೆ ಕೂಡಿಸಿ ಲೆಕ್ಕವಿಟ್ಟರು. ಈ ಪರಂಪರೆಯ ಹಿರಿಮೆ ಮೊದಲು ಇಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ಮುಂದಿನ ಉಪಕರಣಗಳೆಲ್ಲ ಇದನ್ನು ಸಮರ್ಥಿಸಿದುವೆಂದೇ ಹೇಳಬಹುದು. 2001ರಲ್ಲಿ ಸತೀಶ್‌ಚಂದ್ರ, ಕಲ್ಲೂರ್ ಮತ್ತು ಜಯಕುಮಾರ್ ಅವರು ಸೆಳವಿನ ಸಮಯದಲ್ಲಿ ಮಿದುಳಿನ ರಕ್ತಸಂಚಾರದ ಚಿತ್ರಗಳನ್ನು ತೆಗೆದು, ಟೆಂಪೊರಲ್ ಲೋಬಿನ ಒಳಬದಿಯಲ್ಲಿಯೂ ಹೈಪೊಥಲಾಮಸಿನಲ್ಲಿಯೂ ರಕ್ತಸಂಚಾರ ಹೆಚ್ಚುವುದನ್ನು ತೋರಿಸಿದರು. ದೇಹದ ಶಾಖವನ್ನು ಹಿಡಿತದಲ್ಲಿಡುವ ಕೇಂದ್ರವೇ ಹೈಪೊಥಲಾಮಸ್ ಎಂಬುದನ್ನು ನೆನೆದರೆ ಈ ಫಲಿತಾಂಶದ ತೂಕ ಅರಿವಾಗುತ್ತದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆ ನಮ್ಮ ಆಕ್ಷೇಪಗಳನ್ನು ಹೇಳಬಹುದು. ಮೊದಲನೆಯದು ಆಸ್ಪತ್ರೆಯ ದಾಖಲೆಗೆ ಸಂಬಂಧಿಸಿದುದು. ಬೆಂಗಳೂರಿನ ರೋಗಿಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರ ಸಂಖ್ಯೆಯ ಎರಡರಷ್ಟಕ್ಕೂ ಮಿಕ್ಕಿದೆ. ಇದನ್ನು ರೋಗದ ಲಕ್ಷಣಗಳಲ್ಲಿ ಒಂದೆಂದು ಲೇಖನದಿಂದ ಲೇಖನಕ್ಕೆ ಹೇಳಿಕೊಂಡು ಬರಲಾಗಿದೆ. ಆದರೆ ಆಸ್ಪತ್ರೆಯ ದಾಖಲೆ ಆಸ್ಪತ್ರೆಗೆ ಬಂದವರ ಪಟ್ಟಿಯೇ ಹೊರತು ನಾಡಿನ ಪಟ್ಟಿಯಲ್ಲ. ದೇವಸ್ಥಾನದ ದತ್ತಿಶಾಸನಗಳನ್ನು ಎಣಿಸಿ ಒಂದು ಊರಿನ ಜನರೆಲ್ಲ ದಾನಿಗಳಾಗಿದ್ದರೆಂದು ಬರೆಯುವ ವಿದ್ಯಾರ್ಥಿಯನ್ನು ನಾವು ತಿದ್ದುತ್ತೇವೆ. ಮೂರ್ಛೆ ಬೀಳುವ ಮಗನನ್ನು ಬೆಂಗಳೂರಿಗೆ ಕರೆತರುವ ಮನೆ, ಮೂರ್ಛೆ ಬೀಳುವ ಮಗಳನ್ನೂ ಕರೆತರುತ್ತಿತ್ತೇ? ಉದ್ದ ಕೂದಲಿರುವ ಹೆಂಗಸರು ತಲೆಗೆ ನೀರು ಹೊಯ್ದುಕೊಳ್ಳುವುದು ಗಂಡಸರಷ್ಟು ಬಾರಿಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೂ ಗಂಡುಹೆಣ್ಣಿನ ಪ್ರಮಾಣವನ್ನು ಮಿದುಳಿನ ಗುಣವೆಂದು ಹೇಳಲು ಅವಸರಪಡಬಾರದು.

ಈ ಕೊರತೆಯನ್ನು ತುಂಬುವ ದಾರಿಯನ್ನೂ ಇದೇ ಪರಂಪರೆ ತೋರಿಸಿತೆಂಬುದು ಸಂತೋಷದ ಸಂಗತಿ. ಮಣಿಯವರ ತಂಡ ಯಳಂದೂರಿನ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 65 ಸಾವಿರ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿತು. 1998ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ಅಲ್ಲಿ ಬಿಸಿನೀರಿನ ಅಪಸ್ಮಾರ ಲಕ್ಷಕ್ಕೆ 255 ಮಂದಿಯಲ್ಲಿ ಇದೆಯೆಂಬ ಲೆಕ್ಕ ಬಂದಿತು. ಗೌರಿದೇವಿಯವರೂ ಸಂಗಡಿಗರೂ ಬೆಂಗಳೂರು ನಗರ ಹಾಗೂ ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಮಾಣ ಲಕ್ಷಕ್ಕೆ 60. ಈ ಎರಡು ಅಂಕಿಗಳನ್ನು ಮಗ್ಗುಲಲ್ಲಿರಿಸಿ ಯಳಂದೂರಿನಲ್ಲಿ ರೋಗ ನಾಲ್ಕು ಪಟ್ಟು ಹೆಚ್ಚೆಂದು ಹೇಳುವ ರೂಢಿ ಬೆಳೆದಿದೆ. ಒಂದು ಹಳ್ಳಿಗಳ ಸಮೀಕ್ಷೆ, ಇನ್ನೊಂದರಲ್ಲಿ ನಗರವಾಸಿಗಳೂ ಸೇರಿದ್ದಾರೆ; ಒಂದು ಅಪಸ್ಮಾರವನ್ನೇ ಹುಡುಕಿ ಹೊರಟದ್ದು, ಇನ್ನೊಂದು ನರರೋಗಗಳನ್ನೆಲ್ಲ ಒಟ್ಟಿಗೆ ಎಣಿಸಿದ್ದು. ಅಳೆದ ಕೋಲು ಒಂದೇ ಅಲ್ಲವಾದ್ದರಿಂದ ಅಂತರದಲ್ಲಿ ಎಷ್ಟು ಭಾಗ ರೋಗದ್ದು, ಎಷ್ಟು ಭಾಗ ಕೋಲಿನದು ಎಂಬುದನ್ನು ವಿಂಗಡಿಸಿಯೇ ಮಾತನಾಡಬೇಕು.

ಎರಡನೆಯ ಆಕ್ಷೇಪ ನಮಗೆ ಇನ್ನೂ ಮುಖ್ಯವಾದುದು. ಈ ಲೇಖನಗಳಲ್ಲೆಲ್ಲ ‘ದಕ್ಷಿಣ ಕರ್ನಾಟಕದ ಜನರ ಸ್ನಾನಪದ್ಧತಿ’ ಎಂಬ ಒಂದು ಮಾತು ಬರುತ್ತದೆ. ದಕ್ಷಿಣ ಕರ್ನಾಟಕವೆಂದರೆ ಇಲ್ಲಿ ಬೆಂಗಳೂರು, ಮೈಸೂರು ಸೀಮೆಯ ಜಿಲ್ಲೆಗಳು. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ದಕ್ಷಿಣ ಕನ್ನಡವೆಂದು ಓದಿಕೊಂಡು ಗಾಬರಿಗೊಂಡದ್ದುಂಟು! ಆ ಪದ್ಧತಿಯ ವರ್ಣನೆ ಹೀಗಿದೆ: ಕೆಲವು ದಿನಗಳಿಗೊಮ್ಮೆ, 40ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದ ನೀರನ್ನು ಚೆಂಬಿನಿಂದ ಒಂದರ ಮೇಲೊಂದರಂತೆ ತಲೆಗೆ ಹೊಯ್ದುಕೊಳ್ಳುವುದು. ಇದನ್ನು ಬದಲಾಗದ ಒಂದು ಸ್ಥಿರಾಂಶವೆಂಬಂತೆ ಬರೆದು ಲೇಖಕರು ಮಿದುಳಿನ ಕಡೆಗೆ ಸಾಗಿಬಿಡುತ್ತಾರೆ. ರೋಗಿಯ ವಯಸ್ಸಿಗೆ ಒಂದು ಕಂಬಸಾಲು, ವಿದ್ಯುಲ್ಲೇಖಕ್ಕೆ ಒಂದು ಕಂಬಸಾಲು ಇರುವ ಕೋಷ್ಟಕಗಳಲ್ಲಿ ನೀರು ಹೊಯ್ದವರು ಯಾರು, ಎಷ್ಟು ಎತ್ತರದಿಂದ, ತಲೆಗೆ ಮೊದಲೋ ಮೈಗೆ ಮೊದಲೋ ಎಂಬುದಕ್ಕೆ ಜಾಗವಿಲ್ಲ.

ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಇಚಿಲಂಪಾಡಿಯ ಒಂದು ತೋಟದ ಮನೆಯಲ್ಲಿ ಈ ವಿಷಯವಾಗಿ ವಿಚಾರಿಸುವ ಸಂದರ್ಭ ನಮಗೆ ಒದಗಿತ್ತು. ಮನೆಯ ಹಿಂಬದಿಯಲ್ಲಿ ಬಚ್ಚಲು. ಒಲೆಯ ಮೇಲೆ ಹೂತು ಕೂರಿಸಿದ ತಾಮ್ರದ ಹಂಡೆ. ಉರಿಗೆ ಅಡಕೆಯ ಸಿಪ್ಪೆ, ಒಣಗಿದ ಸೋಗೆ, ತೆಂಗಿನ ಮಡಲು. ಮಳೆಗಾಲದ ನಾಲ್ಕು ತಿಂಗಳು ಆ ಒಲೆ ಆರುವುದೇ ಅಪರೂಪ. ನೀರಿನ ಹದವನ್ನು ಕೈಯದ್ದಿ ನೋಡುತ್ತಾರಲ್ಲದೆ ಮಾಪಕದಿಂದಲ್ಲ. ದೀಪಾವಳಿಯ ಹಿಂದಿನ ರಾತ್ರಿ ಹಂಡೆಯನ್ನು ತಿಕ್ಕಿ ನೀರು ತುಂಬುವುದು, ಬೆಳಗಿನ ಜಾವ ಎಣ್ಣೆ ಹಚ್ಚಿ ಮೀಯುವುದು ಅಲ್ಲಿಯೂ ಇದೆ. ಮನೆಯ ವೃದ್ಧೆಯೊಬ್ಬರು ನಮ್ಮ ಪ್ರಶ್ನೆಯನ್ನು ಕೇಳಿ ನಕ್ಕು, “ಮಕ್ಕಳ ತಲೆಗೆ ಒಮ್ಮೆಲೇ ಸುರಿಯುವುದುಂಟಾ ಮಾರಾಯ್ರೆ? ಮೊದಲು ಕಾಲಿಗೆ, ಮತ್ತೆ ಬೆನ್ನಿಗೆ. ತಲೆಗೆ ಕಡೆಗೆ, ಅದೂ ತಣ್ಣೀರು ಬೆರಸಿ” ಎಂದರು. ನೆರೆಮನೆಯ ರೂಢಿ ಇದೇ ಏನೆಂದು ಕೇಳಿದಾಗ, “ಅದು ಅವರವರ ಕ್ರಮ” ಎಂದು ಮುಗಿಸಿದರು.

ಈ ಒಂದು ಮನೆಯ ಮಾತಿನಿಂದ ಯಾವ ಸಿದ್ಧಾಂತವನ್ನೂ ಕಟ್ಟುವುದು ನಮ್ಮ ಇಂಗಿತವಲ್ಲ. ಮೇಲೆ ಪೆನ್‌ಫೀಲ್ಡರಿಗೆ ಹೇಳಿದ ಮಾತು ನಮಗೂ ಅನ್ವಯಿಸುತ್ತದೆ. ಆದರೆ ಒಂದಂಶ ಸ್ಪಷ್ಟವಾಗುತ್ತದೆ. ಹಂಡೆ, ಒಲೆ, ಎಣ್ಣೆ, ಬಿಸಿನೀರು ಇವೆಲ್ಲ ಘಟ್ಟದ ಮೇಲೂ ಕೆಳಗೂ ಸಮಾನವಾಗಿದ್ದು, ಹೊಯ್ಯುವ ಕ್ರಮ ಮಾತ್ರ ಸೀಮೆಯಿಂದ ಸೀಮೆಗೆ, ಮನೆಯಿಂದ ಮನೆಗೆ ಬೇರೆಯಾಗಿರಬಹುದು. ಪ್ರಚೋದನೆಯ ಶಾಸ್ತ್ರದಲ್ಲಿ ವಿದ್ಯುತ್ತಿನ ಪ್ರಮಾಣ, ಅವಧಿ, ಆವೃತ್ತಿ ಇವನ್ನು ಅತಿಸೂಕ್ಷ್ಮವಾಗಿ ದಾಖಲಿಸುತ್ತಾರೆ. ನೀರೇ ಪ್ರಚೋದಕವಾದಲ್ಲಿ ಅಷ್ಟೇ ಸೂಕ್ಷ್ಮತೆ ನೀರಿಗೂ ಸಲ್ಲಬೇಡವೆ?

ಸತೀಶ್‌ಚಂದ್ರ ಅವರು ಎತ್ತಿಹಿಡಿದ ಊಹೆಯನ್ನು ನೋಡಿದರೆ ಈ ಬೇಡಿಕೆ ನ್ಯಾಯವಾದುದೆಂಬುದು ಇನ್ನೂ ತಿಳಿಯಾಗುತ್ತದೆ. 1960ರ ದಶಕದ ಕೊನೆಯಲ್ಲಿ ಕೆನಡಾದ ಗೊಡಾರ್ಡ್ ಎಂಬ ವಿಜ್ಞಾನಿ ಇಲಿಗಳ ಮಿದುಳಿಗೆ ದಿನಕ್ಕೊಮ್ಮೆ ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ಕೊಟ್ಟು ನೋಡಿದರು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ದಿನ ಕಳೆದಂತೆ ಅದೇ ಅಲ್ಪ ವಿದ್ಯುತ್ತಿಗೆ ಸೆಳವು ಬರತೊಡಗಿತು. ಕೆಲಕಾಲ ಬಿಟ್ಟು ಕೊಟ್ಟರೂ ಬಂದಿತು. ಮಿದುಳು ಆ ಪ್ರಚೋದನೆಗೆ ಶಾಶ್ವತವಾಗಿ ಒಗ್ಗಿಹೋಗಿತ್ತು. ಇದಕ್ಕೆ ಕಿಂಡ್ಲಿಂಗ್ ಎಂದು ಹೆಸರಾಯಿತು. ಸಣ್ಣ ಪುಳ್ಳೆಗಳಿಂದ ಒಲೆ ಹೊತ್ತಿಸುವುದೆಂದು ಆ ಮಾತಿನ ಅರ್ಥ. ನಮ್ಮ ವಿಷಯಕ್ಕೆ ಇದಕ್ಕಿಂತ ಒಪ್ಪುವ ಉಪಮೆ ಸಿಗಲಾರದು. ಬೆಂಗಳೂರಿನಲ್ಲಿ ಉಳ್ಳಾಲ್, ಸತೀಶ್‌ಚಂದ್ರ ಮತ್ತು ಎಸ್. ಕೆ. ಶಂಕರ್ ಅವರು ಇಲಿಗಳ ತಲೆಗೆ ಬಿಸಿನೀರನ್ನು ಬಿಟ್ಟು ಸೆಳವನ್ನು ಉಂಟುಮಾಡುವ ಮಾದರಿಯೊಂದನ್ನು ರೂಪಿಸಿ 1996ರಲ್ಲಿ ಪ್ರಕಟಿಸಿದರು. ಇದನ್ನು ಮತ್ತೆ ಮತ್ತೆ ಮಾಡಿದಾಗ ಸೆಳವು ಬರುವುದು ಹೆಚ್ಚು ಹೆಚ್ಚು ಸುಲಭವಾಗುವುದೂ, ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ನರತಂತುಗಳಲ್ಲಿ ಹೊಸ ಕವಲುಗಳು ಒಡೆಯುವುದೂ 2006ರ ಲೇಖನದಲ್ಲಿ ವರದಿಯಾಗಿವೆ. ಮನುಷ್ಯರಲ್ಲಿಯೂ ಬಿಸಿನೀರಿನ ತಲೆಸ್ನಾನ ಇದೇ ರೀತಿ ಕಿಡಿಗೂಡಿಸುವ ಕೆಲಸ ಮಾಡುತ್ತಿರಬಹುದೆಂಬುದು ಇವರ ಊಹೆ. ಸುಮಾರು ಕಾಲುಭಾಗದಷ್ಟು ರೋಗಿಗಳಲ್ಲಿ ಕೆಲವು ವರ್ಷಗಳ ಮೇಲೆ ನೀರಿನ ಸಂಬಂಧವೇ ಇಲ್ಲದೆ ಸೆಳವು ಬರತೊಡಗುವುದು ಇದಕ್ಕೆ ಬಲವಾದ ಆಧಾರ.

ಈ ಊಹೆ ಸಮರ್ಥವಾದುದೇ. ಆದರೆ ಲೇಖಕರು ಗಮನಿಸಿದಂತೆ ತೋರದ ಒಂದು ಪರಿಣಾಮ ಇದರೊಳಗೆ ಅಡಗಿದೆ. ಪುನರಾವೃತ್ತಿಯೇ ರೋಗದ ಕಾರಣಗಳಲ್ಲಿ ಒಂದಾದರೆ, ರೋಗಕ್ಕೆ ಚರಿತ್ರೆಯುಂಟು ಎಂದಾಯಿತು. ಒಬ್ಬ ವ್ಯಕ್ತಿ ಬಾಲ್ಯದಿಂದ ಎಷ್ಟು ಬಾರಿ, ಎಷ್ಟು ಬಿಸಿಯಾಗಿ, ಎಷ್ಟು ಬಿಡುವಿನಲ್ಲಿ ಮಿಂದಿದ್ದಾನೆಂಬುದು ಆಗ ಪೀಠಿಕೆಯ ಮಾತಾಗಿ ಉಳಿಯದೆ ಮುಖ್ಯ ಸಾಕ್ಷ್ಯವಾಗುತ್ತದೆ. ಸೌದೆ ದುಬಾರಿಯಾದ ವರ್ಷಗಳು, ಮನೆಗೆ ವಿದ್ಯುತ್ತಿನ ಹೀಟರು ಬಂದ ವರ್ಷ, ಚೆಂಬಿನ ಬದಲು ಷವರು ಬಂದ ವರ್ಷ ಇವು ರೋಗದ ಕಾಲಗಣನೆಗೆ ಸೇರಬೇಕಾಗುತ್ತವೆ. ಜೊತೆಗೆ, ಈ ಊಹೆ ರೋಗದ ಬೆಳವಣಿಗೆಯನ್ನು ವಿವರಿಸುವಷ್ಟು ಚೆನ್ನಾಗಿ ಅದರ ಆರಂಭವನ್ನು ವಿವರಿಸುವುದಿಲ್ಲ. ಸೀಮೆಯ ಜನರೆಲ್ಲ ಮೀಯುವಾಗ ಲಕ್ಷಕ್ಕೆ ಇನ್ನೂರೈವತ್ತು ಮಂದಿ ಮಾತ್ರ ಬೀಳುವುದೇಕೆ? ಕೆಲವರು ಬಾಲ್ಯದ ಮೊದಲ ವರ್ಷಗಳಲ್ಲಿಯೇ ಬೀಳುವುದೇಕೆ?

ಈ ಪ್ರಶ್ನೆಗೆ ಉತ್ತರವಾಗಿ ವಂಶವಾಹಿಗಳ ಅಧ್ಯಯನ ಬಂದಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡವೂ ನಿಮ್ಹಾನ್ಸಿನ ತಂಡವೂ ಕೂಡಿ 2009ರಲ್ಲಿ ಹತ್ತನೆಯ ಮತ್ತು ನಾಲ್ಕನೆಯ ವರ್ಣತಂತುಗಳ ಮೇಲೆ ಈ ರೋಗಕ್ಕೆ ಸಂಬಂಧಿಸಿದ ಎರಡು ಸ್ಥಾನಗಳನ್ನು ಬೇರೆ ಬೇರೆ ಕುಟುಂಬಗಳಲ್ಲಿ ಗುರುತಿಸಿದುವು. ಮುಂದೆ ಒಂಬತ್ತನೆಯ ವರ್ಣತಂತುವಿನ ಒಂದು ವಂಶವಾಹಿಯೂ ಇದಕ್ಕೆ ಸೇರಿತು. ಒಂದೊಂದು ಕುಟುಂಬದಲ್ಲಿ ಒಂದೊಂದು ಸ್ಥಾನವೆಂದ ಮೇಲೆ ಇದು ಒಂದೇ ಬೇರಿನ ರೋಗವಲ್ಲವೆಂದು ತಿಳಿಯಬೇಕು. ವಂಶವಾಹಿಯ ಕಥೆ ನಮ್ಮ ವಿಷಯದಿಂದ ದೂರವಾದುದು. ಇಷ್ಟಕ್ಕೆ ಅದನ್ನು ಬಿಡುತ್ತೇವೆ.

ಸ್ನಾನದ ಚರಿತ್ರೆ ಬೇಕೆಂದೆವು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾಗ್ಭಟನ ಅಷ್ಟಾಂಗಹೃದಯದಲ್ಲಿ, ಬಿಸಿನೀರಿನ ಸ್ನಾನ ಕತ್ತಿನಿಂದ ಕೆಳಗಣ ಮೈಗೆ ಬಲಕರವೆಂದೂ ತಲೆಗೆ ಮಾತ್ರ ಕೂದಲಿಗೂ ಕಣ್ಣಿಗೂ ಕೆಡುಕೆಂದೂ ಹೇಳಿದೆ. ನಮ್ಮ ಪ್ರಾಚೀನರು ಈ ರೋಗವನ್ನು ಬಲ್ಲವರಾಗಿದ್ದರೆಂದು ಸಾರಲು ಇದನ್ನು ಎತ್ತಿಕೊಳ್ಳುವ ಉತ್ಸಾಹಿಗಳುಂಟು. ವಾಗ್ಭಟನು ಆ ಮಾತಿನಲ್ಲಿ ಹೇಳಿರುವುದು ಕೂದಲನ್ನು, ಕಣ್ಣನ್ನು, ಅಪಸ್ಮಾರವನ್ನಲ್ಲ. ಅವನು ಹೇಳದ ಮಾತನ್ನು ಅವನ ಬಾಯಲ್ಲಿ ತುರುಕುವುದು ಗೌರವವಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಸ್ನಾನಭೋಗವೆಂಬ ಪ್ರಕರಣವೇ ಇದೆ. ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿ ಅರಸನು ಹೇಗೆ ಮೀಯಬೇಕೆಂದು ಅದರಿಂದ ತಿಳಿಯುತ್ತದೆ. ಅವನ ಹಂಡೆಗೆ ಸೌದೆ ಹೊತ್ತವನು ಹೇಗೆ ಮೀಯುತ್ತಿದ್ದನು, ಎಷ್ಟು ದಿನಕ್ಕೊಮ್ಮೆ ಮೀಯುತ್ತಿದ್ದನು ಎಂಬುದು ತಿಳಿಯುವುದಿಲ್ಲ. ನಮಗೆ ಬೇಕಾದದ್ದು ಎರಡನೆಯವನ ಚರಿತ್ರೆ. ಅದು ಗ್ರಂಥಗಳಿಗಿಂತ ಬದುಕಿರುವ ಹಿರಿಯರ ನೆನಪಿನಲ್ಲಿ ಸಿಗುವ ಸಂಭವ ಹೆಚ್ಚು.

ಈ ಸಂಶೋಧನೆಯಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸಿದ ಸಂಗತಿ ಬೇರೊಂದಿದೆ. ಸುಮಾರು ಹತ್ತರಲ್ಲಿ ಒಬ್ಬ ರೋಗಿಗೆ ಸೆಳವಿನ ಆರಂಭದಲ್ಲಿ ಒಂದು ಬಗೆಯ ಸುಖ ತೋರುತ್ತದೆ. ಅವನು ನಿಲ್ಲಿಸಲಾರದೆ ನೀರನ್ನು ಹೊಯ್ದುಕೊಳ್ಳುತ್ತಲೇ ಹೋಗುತ್ತಾನೆ, ಅರಿವು ತಪ್ಪುವವರೆಗೂ. 1954ರಲ್ಲಿ ಮಾಂಟ್ರಿಯಲ್ಲಿನಲ್ಲಿಯೇ ಓಲ್ಡ್ಸ್ ಮತ್ತು ಮಿಲ್ನರ್ ಎಂಬವರು, ತನ್ನ ಮಿದುಳಿಗೆ ತಾನೇ ವಿದ್ಯುತ್ ಕೊಟ್ಟುಕೊಳ್ಳಲು ಸನ್ನೆಯನ್ನು ಮತ್ತೆ ಮತ್ತೆ ಒತ್ತುವ ಇಲಿಯನ್ನು ವರ್ಣಿಸಿದ್ದರು. ಚೆಂಬೂ ಅಂಥ ಸನ್ನೆಯೇ ಎಂದು ಹೇಳಿಬಿಡಲು ಮನಸ್ಸು ಹಾತೊರೆಯುತ್ತದೆ. ಆದರೆ ಇಲಿಗೆ ಹಿಂದಿನ ಸ್ನಾನದ ಭಯವಿಲ್ಲ. ಬಾಗಿಲ ಹೊರಗೆ ನಿಂತು ಹೆಸರು ಹಿಡಿದು ಕೂಗುವ ತಾಯಿಯಿಲ್ಲ. ಆ ಹುಡುಗನು ಬೇಕೆಂದೇ ಮಾಡುತ್ತಾನೆಂದು ಮನೆಯವರು ಸಿಟ್ಟಾಗುವುದೂ, ಹಟಮಾರಿಯೆಂದು ಹೊಡೆಯುವುದೂ ಅಸಂಭವವಲ್ಲ. ಅವನು ಬೇಕೆಂದು ಮಾಡುತ್ತಾನೆಯೇ, ಮಾಡದಿರಲಾರದೆ ಮಾಡುತ್ತಾನೆಯೇ ಎಂಬ ಪ್ರಶ್ನೆಗೆ ಶೇಕಡಾ ಹತ್ತು ಎಂಬ ಅಂಕಿ ಉತ್ತರವಲ್ಲ. ಇಂಥ ರೋಗಿಗಳ ಮಾತನ್ನು ಅವರವರ ನುಡಿಯಲ್ಲಿಯೇ, ಕನ್ನಡದಲ್ಲಿಯೇ, ಪೂರ್ಣವಾಗಿ ಬರೆದಿಟ್ಟಿದ್ದರೆ ಈ ಪರಂಪರೆಯ ಬೆಲೆ ಇಮ್ಮಡಿಯಾಗುತ್ತಿತ್ತು. ಇಂಗ್ಲಿಷಿನ ‘ಸುಖ’ವಾಚಿ ಪದವೊಂದರ ಹಿಂದೆ ಹಿತವೋ, ಮತ್ತೋ, ಜೋಂಪೋ ಯಾವ ಮಾತಿತ್ತೆಂದು ಇಂದು ಕಂಡುಕೊಳ್ಳುವ ದಾರಿಯಿಲ್ಲ.

ಹೆಸರಿಡುವುದರಿಂದ ಆಗುವ ಪರಿಣಾಮವನ್ನೂ ಇಲ್ಲಿ ಹೇಳಬೇಕು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಂತೆ, ಪದೇಪದೇ ಅಪಸ್ಮಾರಕ್ಕೆ ಗುರಿಯಾಗುವವರನ್ನು ವಿವಾಹಕ್ಕೆ ಅರ್ಹರಲ್ಲವೆಂದು ಹುಚ್ಚಿನವರ ಸಾಲಿನಲ್ಲಿಯೇ ಸೇರಿಸಲಾಗಿತ್ತು. ಅಂಥ ವಿವಾಹವನ್ನು ರದ್ದುಪಡಿಸುವಂತೆ ನ್ಯಾಯಾಲಯವನ್ನು ಕೇಳಲು ಅವಕಾಶವಿತ್ತು. 1999ರ ತಿದ್ದುಪಡಿಯಿಂದ ಅಪಸ್ಮಾರವೆಂಬ ಪದ ಅಲ್ಲಿಂದ ಹೋಯಿತು. 1988ರ ಲೇಖನ ಈ ಎರಡು ವರ್ಷಗಳ ನಡುವಣದು. ತಲೆಗೆ ಬಿಸಿನೀರು ಹೊಯ್ದಾಗ ಮಾತ್ರ ಮೂರ್ಛೆ ಹೋಗುವ, ಉಳಿದಂತೆ ಸ್ವಸ್ಥಳಾದ ಒಬ್ಬ ಹುಡುಗಿಗೆ ವೈದ್ಯನು ‘ಅಪಸ್ಮಾರ’ವೆಂಬ ಮಾತನ್ನು ಚೀಟಿಯಲ್ಲಿ ಬರೆದುಕೊಟ್ಟಾಗ, ಅದು ಆ ಕಾಲದಲ್ಲಿ ಕಾಯಿದೆಯ ಭಾಷೆಯಲ್ಲಿಯೂ ಒಂದು ಪದವಾಗಿತ್ತು. ಆಸ್ಪತ್ರೆಗೆ ಹೆಣ್ಣುಮಕ್ಕಳು ಕಡಿಮೆ ಬಂದುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಶಂಕಿಸಲು ಅವಕಾಶವಿದೆ. ರೋಗದ ವರ್ಗೀಕರಣವನ್ನು ಕುರಿತು ಇಷ್ಟು ಎಚ್ಚರದಿಂದ ಚರ್ಚಿಸಿದ ವಿದ್ವಾಂಸರು, ಆ ವರ್ಗೀಕರಣದ ಕೆಳಗೆ ಬದುಕಬೇಕಾದವರ ವಿಷಯದಲ್ಲಿ ಒಂದು ಪುಟವನ್ನಾದರೂ ಬರೆದಿರಬೇಕಾಗಿತ್ತು.

ಚಿಕಿತ್ಸೆಯ ವಿಷಯ ಸರಳವಾದುದು. ಮಿದುಳಿನ ಆಳಕ್ಕೆ ತಂತಿಯನ್ನಿಳಿಸಿ ನಿರಂತರ ಪ್ರಚೋದನೆಯಿಂದ ಕಂಪವಾತವನ್ನು ತಗ್ಗಿಸುವ ವಿಧಾನ 1987ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಬೆನಬಿದ್ ಅವರಿಂದ ಬಳಕೆಗೆ ಬಂದು ಈಗ ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಬಿಸಿನೀರಿನ ಅಪಸ್ಮಾರದಲ್ಲಿ ಪ್ರಚೋದನೆಯನ್ನು ಕೊಡುವುದಲ್ಲ, ತೆಗೆಯುವುದೇ ಮದ್ದು: ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಅದು ಸಾಲದವರಿಗೆ ಸ್ನಾನಕ್ಕೆ ಮೊದಲು ಕ್ಲೊಬಜಾಮ್ ಎಂಬ ಗುಳಿಗೆಯನ್ನು ಕೊಡುವ ಕ್ರಮವನ್ನು ನಿಮ್ಹಾನ್ಸಿನ ತಂಡ ಪರೀಕ್ಷಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದೆ. ಬೇರೆ ಹೊತ್ತಿನಲ್ಲಿಯೂ ಸೆಳವು ಬರುವವರಿಗೆ ನಿತ್ಯದ ಔಷಧ ಬೇಕಾಗುತ್ತದೆ.

ನಮ್ಮ ಕಡೆಯಿಂದ ಆಗಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇವೆ. ದೀಪಾವಳಿಯ ರಜೆಯಲ್ಲಿ ಕಡಬ, ಸುಳ್ಯ, ಪುತ್ತೂರು ತಾಲೂಕುಗಳ ವಿದ್ಯಾರ್ಥಿಗಳು ತಂತಮ್ಮ ಊರಿನ ಹತ್ತು ಮನೆಗಳ ಸ್ನಾನಕ್ರಮವನ್ನು ಬರೆದು ತರಬಹುದು. ಮಂಡ್ಯ, ಚಾಮರಾಜನಗರದ ಕಾಲೇಜುಗಳಲ್ಲಿ ಇದೇ ಪ್ರಶ್ನಾವಳಿಯನ್ನು ಬಳಸಿದರೆ ಘಟ್ಟದ ಎರಡು ಬದಿಗಳನ್ನೂ ಒಂದೇ ಕೋಲಿನಿಂದ ಅಳೆದಂತಾಗುತ್ತದೆ. ಕೇಳಬೇಕಾದದ್ದು ಹೆಚ್ಚೇನಿಲ್ಲ. ತಲೆಗೆ ನೀರು ಎಷ್ಟು ದಿನಕ್ಕೊಮ್ಮೆ, ಹೊಯ್ಯುವವರು ಯಾರು, ಯಾವ ಪಾತ್ರೆಯಿಂದ, ಮೊದಲ ಚೆಂಬು ಮೈಯ ಯಾವ ಭಾಗಕ್ಕೆ, ಅಜ್ಜಿಯ ಕಾಲದಲ್ಲಿ ಹೇಗಿತ್ತು. ಮನೆಯಲ್ಲಿ ಯಾರಿಗಾದರೂ ಮೂರ್ಛೆಯುಂಟೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಕೂಡದು. ಅದನ್ನು ಕೇಳುವ ಅಧಿಕಾರ ವೈದ್ಯರದು, ಅದೂ ಮನೆಯವರು ತಾವಾಗಿ ಒಪ್ಪಿದ ಮೇಲೆ.